ಹಳೇ ಕಾಯಿಲೆಯ ಹಸು: ಯಾವುದನ್ನು ಕೊಳ್ಳಬಹುದು, ಯಾವುದಕ್ಕೆ ವಿಮೆ ಕೈಹಿಡಿಯುತ್ತದೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಬೆಲೆ ಇಳಿಸಿ ಮಾರುವ ಕರೆಯುವ ಹಸುಗಳಲ್ಲಿ ಮೂರು ಬಗೆ ಹೆಚ್ಚು ಸಿಗುತ್ತವೆ. ಹೋದ ಸೂಲಿನಲ್ಲಿ ಕೆಚ್ಚಲು ಬಾವು ಬಂದು ವಾಸಿಯಾದದ್ದು ಒಂದು. ಕರು ಹಾಕಿದಾಗ ಹಾಲು ಜ್ವರದಿಂದ ಬಿದ್ದು ಎದ್ದದ್ದು ಇನ್ನೊಂದು. ಎಷ್ಟು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದರೂ ಗಬ್ಬ ನಿಲ್ಲದೆ ಸತಾಯಿಸಿದ್ದು ಮತ್ತೊಂದು. ಮೂರು ಬಗೆಯನ್ನೂ ಕೊಂಡು ಕಟ್ಟಿ, ವಿಮೆ ಮಾಡಿಸಿ ನೋಡಿದ ಮೇಲೆ ನಮ್ಮ ಸರದಿ ಹೀಗಿದೆ: ಮೊದಲು ಹಾಲು ಜ್ವರದ ಹಸು, ಆಮೇಲೆ ಕೆಚ್ಚಲು ಬಾವಿನಿಂದ ಮುಂದಿನ ಒಂದು ಮೊಲೆ ಬತ್ತಿರುವ ಹಸು, ಗಬ್ಬ ನಿಲ್ಲದ ಹಸುವನ್ನು ಡಾಕ್ಟರು ಕೈ ಹಾಕಿ ನೋಡಿ ಗಬ್ಬವೆಂದರೆ ಮಾತ್ರ. ನಷ್ಟವಾದ ದಿನ ವಿಮೆಯಿಂದ ದುಡ್ಡು ಬರುತ್ತದೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಈ ಸರದಿ ಹಾಕಿದ್ದೇವೆ.

ಹೇಮಗಿರಿ, ಬೇಬಿ ಬೆಟ್ಟದ ಜಾತ್ರೆಗಳು ಹಳ್ಳಿಕಾರ್ ಎತ್ತುಗಳಿಗೆ ಸರಿ. ಹಳೇ ಕಾಯಿಲೆ ಇರುವ ಮಿಶ್ರತಳಿ ಹಸುವನ್ನು ಮಾತ್ರ ಅದು ಇದ್ದ ಕೊಟ್ಟಿಗೆಯಲ್ಲೇ ನೋಡಿ ಕೊಳ್ಳಬೇಕು. ಸಂತೆಯಲ್ಲಿ ಒಂದು ಹೊತ್ತು ಕರೆಯದೆ ಹಾಲು ಕಟ್ಟಿಸಿ ತಂದಿರುತ್ತಾರೆ. ಕೆಚ್ಚಲು ತುಂಬಿಕೊಂಡು ಒಳಗಿನ ಗಂಟು ಕೈಗೆ ಸಿಗುವುದಿಲ್ಲ. ಮನೆಗೆ ಹೋದರೆ, ಹಾಲು ಸಂಘಕ್ಕೆ ಹಾಕಿದ ಹಾಲಿನ ಲೆಕ್ಕ ಬರೆದ ಡೇರಿ ಪುಸ್ತಕವನ್ನೂ ಕೇಳಿ. ಮಾರುವವರ ಮನೆಯಲ್ಲಿ ಒಂದೇ ಹಸು ಇದ್ದರೆ ಆ ಪುಸ್ತಕವೇ ರೋಗದ ಚರಿತ್ರೆ. ಸಂಘದಲ್ಲಿ ಹಸುವಿನ ಹಾಲಿಗೆ ಶೇ 3.5 ಫ್ಯಾಟ್ (ಕೊಬ್ಬು), ಶೇ 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳತೆ. ಕೆಚ್ಚಲು ಬಾವು ಬಂದಾಗ ಹಾಲಿನ ಸಕ್ಕರೆ ಅಂಶ ಮತ್ತು ಕೇಸಿನ್ ಎಂಬ ಪ್ರೋಟೀನು ಕುಸಿಯುವುದರಿಂದ ಎಸ್‌ಎನ್‌ಎಫ್ ಇಳಿಯುತ್ತದೆ, ಲೀಟರೂ ಇಳಿಯುತ್ತದೆ. ಎರಡೂ ಒಟ್ಟಿಗೆ ಬಿದ್ದ ವಾರಗಳನ್ನು ಹುಡುಕಿ. "ಕೆಚ್ಚಲು ಬಾವು ಆಗಿತ್ತೇನಣ್ಣ?" ಎಂದರೆ ಇಲ್ಲ ಎಂಬ ಉತ್ತರ ತಯಾರಿರುತ್ತದೆ. "ನಿಮ್ಮನೆಗೆ ಯಾವ ಡಾಕ್ಟ್ರು ಬರ್ತಾರೆ ಕಣಣ್ಣ?" ಎಂದು ಕೇಳಿ, ಆ ಡಾಕ್ಟರ ಹತ್ತಿರ ಹೋಗಿ. ಹಸುವಿನ ಕಿವಿಯೋಲೆಯ (ಗುರುತಿನ ಟ್ಯಾಗ್) 12 ಅಂಕಿ ಕೊಟ್ಟರೆ ಹಾಕಿಸಿದ ಲಸಿಕೆ, ಗರ್ಭಧಾರಣೆಯ ತಾರೀಖು, ದಾಖಲಾಗಿದ್ದರೆ ಚಿಕಿತ್ಸೆಯೂ ಅವರಿಗೆ ಕಾಣುತ್ತದೆ.

ಕೆಚ್ಚಲು ಬಾವಿನ ಹಸು

ಪರೀಕ್ಷೆ ಸಂಜೆ ಶುರುವಾಗಬೇಕು. ನಿಮ್ಮೆದುರಿಗೇ ಕೆಚ್ಚಲು ಪೂರ್ತಿ ಬರಿದು ಮಾಡಿಸಿ. ಮೆತ್ತಗಾದ ಮೇಲೆ ಒಂದೊಂದು ಭಾಗವನ್ನೂ ಎರಡು ಕೈಯಲ್ಲಿ ಹಿಡಿದು ಬುಡದಿಂದ ಮೊಲೆಯವರೆಗೆ ಒತ್ತುತ್ತಾ ಬನ್ನಿ. ಒಳ್ಳೆಯ ಭಾಗ ಕರೆದ ಮೇಲೆ ಸಡಿಲವಾಗಿ ಮಡಚಿಕೊಳ್ಳುತ್ತದೆ; ಹಳೇ ಬಾವು ಇದ್ದದ್ದು ಗಟ್ಟಿಯಾಗಿ, ಒಳಗೆ ಗಂಟು ಗಂಟಾಗಿ ಹಾಗೇ ಉಳಿಯುತ್ತದೆ. ಆ ಗಂಟು ಗಾಯ ಮಾಗಿದ ನಾರು, ಅಲ್ಲಿ ಇನ್ನು ಹಾಲು ಹುಟ್ಟುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಆ ನಾರಿನೊಳಗೆ ಔಷಧಿಗೆ ಸಿಗದೆ ಅಡಗಿದ್ದು ಮುಂದಿನ ಸೂಲಿನಲ್ಲಿ ಮತ್ತೆ ತಲೆ ಎತ್ತುತ್ತದೆ. ವಾಸಿಯಾದ ಹಸುವಿಗೆ ಮತ್ತೆ ಮತ್ತೆ ಬಾವು ಬರುವುದು ಬಹಳ ಸಲ ಇದರಿಂದಲೇ.

ಬೆಳಿಗ್ಗೆ ಸಿಎಂಟಿ ಮಾಡಿ, ಅಂದರೆ ಹಾಲಿಗೆ ದ್ರಾವಣ ಬೆರೆಸಿ ಬಾವು ಪತ್ತೆ ಹಚ್ಚುವ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಪರೀಕ್ಷೆ. ಮೊದಲ ಎರಡು ಮೂರು ಹಿಂಡು ಕಪ್ಪು ಬಟ್ಟೆಯ ಮೇಲೆ ಬೀಳಲಿ, ಹೆಪ್ಪಿನ ಚೂರು ಇದ್ದರೆ ಅಲ್ಲೇ ಕಾಣುತ್ತದೆ. ಆಮೇಲೆ ನಾಲ್ಕು ಗುಳಿಯ ತಟ್ಟೆಗೆ ನಾಲ್ಕು ಮೊಲೆಯಿಂದಲೂ ಹಾಲು ಹಿಂಡಿ, ತಟ್ಟೆ ಓರೆ ಮಾಡಿ ಹೆಚ್ಚಾದದ್ದನ್ನು ಚೆಲ್ಲಿ ಒಂದೊಂದರಲ್ಲಿ 2–3 ಮಿಲಿ ಉಳಿಸಿಕೊಳ್ಳಿ. ಅಷ್ಟೇ ಪ್ರಮಾಣದ ಸಿಎಂಟಿ ದ್ರಾವಣ ಹಾಕಿ ಹತ್ತು ಸೆಕೆಂಡು ತಿರುಗಿಸಿ. ನೀರಾಗಿಯೇ ಹರಿದಾಡಿದರೆ ಸರಿ. ಎಳೆ ಎಳೆಯಾದರೆ ಹೊರಗೆ ಕಾಣದ ಒಳಬಾವು ಇದೆ. ಲೋಳೆಯಾಗಿ ನಡುವೆ ಗುಪ್ಪೆಯಾಗಿ ನಿಂತರೆ ಆ ಮೊಲೆ ಇಂದೂ ರೋಗದಲ್ಲೇ ಇದೆ. ಆ ಹಸು ಬೇಡ. ಕರು ಹಾಕಿ ಐದು ದಿನದೊಳಗಿನ ಹಾಲಿನಲ್ಲಿ ಮತ್ತು ಬತ್ತುವ ಹಂತದ ಹಾಲಿನಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ.

ಒಂದು ಮೊಲೆ ಪೂರ್ತಿ ಬತ್ತಿ ಹೋಗಿ ಉಳಿದ ಮೂರು ಚೊಕ್ಕವಾಗಿದ್ದರೆ ಅದು ಕೊಳ್ಳಬಹುದಾದ ಹಸು. ನಾಲ್ಕೂ ಮೊಲೆ ಇದ್ದು ಒಂದರಲ್ಲಿ ಒಳಬಾವು ಉಳಿಸಿಕೊಂಡ ಹಸುವಿಗಿಂತ ಇದು ಎಷ್ಟೋ ಮೇಲು, ಅಕ್ಕಪಕ್ಕದ ಹಸುವಿಗೆ ರೋಗ ಹಂಚುವ ಭಯ ಕಡಿಮೆ. ಯಾವ ಮೊಲೆ ಎಂಬುದು ಮಾತ್ರ ಮುಖ್ಯ. ಒಟ್ಟು ಹಾಲಿನಲ್ಲಿ ಸುಮಾರು ಶೇ 60 ಹಿಂದಿನ ಎರಡು ಭಾಗದಿಂದ ಬರುತ್ತದೆ. ದಿನಕ್ಕೆ 12 ಲೀಟರಿನ ಹಸುವಿಗೆ ಹಿಂದಿನ ಮೊಲೆ ಹೋಯಿತೆಂದರೆ ಮೂರೂವರೆ ಲೀಟರು ಹೋದ ಹಾಗೆ, ಮುಂದಿನದಾದರೆ ಎರಡೂವರೆಗಿಂತ ಕಡಿಮೆ. ಚೌಕಾಸಿಯನ್ನು ಈ ಲೀಟರಿನ ಮೇಲೆ ಮಾಡಿ. ಕೊಂಡ ಮೇಲೆ ಅದನ್ನು ಕೊನೆಯಲ್ಲಿ ಕರೆಯಿರಿ, ಕರೆದ ಕೂಡಲೇ ಮೊಲೆ ಔಷಧಿಯಲ್ಲಿ ಅದ್ದಿ, ಅರ್ಧ ಗಂಟೆ ಮಲಗಲು ಬಿಡದೆ ಮೇವು ಹಾಕಿ ನಿಲ್ಲಿಸಿ, ಏಕೆಂದರೆ ಮೊಲೆಯ ತೂತು ಮುಚ್ಚಲು ಅಷ್ಟು ಹೊತ್ತು ಬೇಕು. ಕರು ಹಾಕುವ ಎರಡು ತಿಂಗಳ ಮುಂಚೆ ಬತ್ತಿಸುವಾಗ ಡಾಕ್ಟರಿಂದ ಮೊಲೆಯೊಳಗೆ ಹಾಕುವ ಔಷಧಿಯ ಟ್ಯೂಬ್ ಹಾಕಿಸುವುದನ್ನು ಈ ಹಸುವಿಗೆ ತಪ್ಪಿಸಲೇಬೇಡಿ.

ಹಾಲು ಜ್ವರದ ಹಸು

ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಾಗುವ ರೋಗ ಇದು. ಕರು ಹಾಕಿದ ಎರಡು ಮೂರು ದಿನದೊಳಗೆ ರಕ್ತದ ಕ್ಯಾಲ್ಸಿಯಂ ಹಾಲಿಗೆ ಹರಿದು ಹೋಗಿ ಕಿವಿ ತಣ್ಣಗಾಗುತ್ತದೆ, ಕುತ್ತಿಗೆ ಪಕ್ಕಕ್ಕೆ ಹೊರಳಿಸಿ ಹಸು ಮಲಗಿಬಿಡುತ್ತದೆ. ಮೂರನೇ ಸೂಲಿನ ಮೇಲೆ ಹೆಚ್ಚು, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಗಿಂತ ಜರ್ಸಿಗೆ ಹೆಚ್ಚು. ಒಮ್ಮೆ ಬಂದದ್ದು ಮುಂದಿನ ಸೂಲಿನಲ್ಲೂ ಬರುವ ಸಾಧ್ಯತೆ ಜಾಸ್ತಿ. ಆದರೂ ಇದನ್ನು ಮೊದಲ ಸ್ಥಾನದಲ್ಲಿ ಇಟ್ಟಿರುವುದು ಏಕೆಂದರೆ ರೋಗ ಬರುವ ವಾರ ಮೊದಲೇ ಗೊತ್ತಿರುತ್ತದೆ, ತಡೆಯಲು ದಾರಿ ಇದೆ, ಹೊತ್ತಿಗೆ ಸರಿಯಾಗಿ ಔಷಧಿ ಬಿದ್ದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಗಬ್ಬದ ಕೊನೆಯ ಮೂರು ವಾರ ಕುದುರೆಮೆಂತೆ ಸೊಪ್ಪು ನಿಲ್ಲಿಸಿ, ಕ್ಯಾಲ್ಸಿಯಂ ಟಾನಿಕ್ ಕುಡಿಸುವುದನ್ನೂ ನಿಲ್ಲಿಸಿ. ಮೇವಿನಲ್ಲೇ ಧಾರಾಳವಾಗಿ ಸಿಗುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ದೇಹಕ್ಕೆ ತಪ್ಪಿರುತ್ತದೆ, ಕರು ಹಾಕಿದ ದಿನ ಅದು ಒಮ್ಮೆಗೇ ಶುರುವಾಗುವುದಿಲ್ಲ. ಟಾನಿಕ್ ಕುಡಿಸಿದರೂ ಹಸು ಬಿತ್ತಲ್ಲ ಎಂದು ಕೊರಗುವ ಮನೆಗಳಲ್ಲಿ ಆಗಿರುವುದು ಇದೇ. ಕರು ಹಾಕಿದ ಕೂಡಲೇ ಒಂದು ಬಾಟಲಿ ಕ್ಯಾಲ್ಸಿಯಂ ಜೆಲ್, 12 ಗಂಟೆ ಬಿಟ್ಟು ಇನ್ನೊಂದು. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಬರಿದು ಮಾಡಬೇಡಿ. ಕರೆಯುವ ಕಾಲದಲ್ಲಿ ಬರೀ ಕಬ್ಬಿನ ಸೋಗೆ, ಭತ್ತದ ಹುಲ್ಲಿನ ಮೇಲೆ ಸಾಕುವ ನಮ್ಮ ಕಡೆ ಇನ್ನೊಂದು ತೊಂದರೆ ಇದೆ: ಇವೆರಡರಲ್ಲೂ ಇರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಆಗ ತಪ್ಪಬಾರದು.

ಗಬ್ಬ ನಿಲ್ಲದ ಹಸು

ಮೂರು ಸಲ ಇಂಜೆಕ್ಷನ್ ಹಾಕಿಸಿದರೂ 21 ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬರುತ್ತಿದ್ದ ಹಸು ಈಗ ಗಬ್ಬ ಎಂದು ಮಾರಾಟಕ್ಕೆ ಬಂದರೆ, ಮೂರು ತಿಂಗಳು ತುಂಬಿದ ಮೇಲೆ ನಿಮ್ಮ ಡಾಕ್ಟರಿಂದಲೇ ಪರೀಕ್ಷೆ ಮಾಡಿಸಿ. ಅವರು ಹೇಳುವ ತಿಂಗಳು ದಾಖಲೆಯ ತಾರೀಖಿಗೆ ಹೊಂದಬೇಕು. ಆರು ತಿಂಗಳ ಮೇಲೆ ಕಂದು ಹಾಕಿದ (ಗರ್ಭಪಾತವಾದ) ಚರಿತ್ರೆ ಇದ್ದರೆ ಬ್ರುಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆ ಆಗದೆ ಹಗ್ಗ ಹಿಡಿಯಬೇಡಿ. ಅದು ಹಾಲಿನಿಂದ, ಮಾಸು ಮುಟ್ಟಿದ ಕೈಯಿಂದ ಮನೆಯವರಿಗೂ ಅಂಟುವ ರೋಗ. ಗಬ್ಬವಿಲ್ಲದ ಇಂಥ ಹಸುವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾವು ಬೇಡವೆನ್ನುತ್ತೇವೆ.

ವಿಮೆ: ಮೂರು ದಾರಿ

ಪಶು ಆಸ್ಪತ್ರೆಯ ಮೂಲಕ ಮಾಡಿಸುವ ರಾಷ್ಟ್ರೀಯ ಜಾನುವಾರು ಮಿಷನ್ ವಿಮೆಯಲ್ಲಿ 2024ರ ಬದಲಾವಣೆಯಂತೆ ಕಂತಿನ ಶೇ 15 ಮಾತ್ರ ರೈತರದ್ದು, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಭರಿಸುತ್ತವೆ. ಕಂಪನಿಯಿಂದ ನೇರವಾಗಿ ಮಾಡಿಸಿದರೆ ಕಂತು ಪೂರ್ತಿ ನಿಮ್ಮದೇ, ಆದರೆ ಬೇಕಾದ ದಿನ ಮಾಡಿಸಬಹುದು. ಕಾಯಿಲೆ ಕಂಡ ಹಸುವಿಗೆ ಇದು ದೊಡ್ಡ ಅನುಕೂಲ. ಮಾರುವವರ ಪಾಲಿಸಿ ಇನ್ನೂ ಜಾರಿಯಲ್ಲಿದ್ದರೆ ಅದನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದು ಮೂರನೆಯ ದಾರಿ, ಸಿಕ್ಕರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಹೊಸ ಪಾಲಿಸಿಯಲ್ಲಿ ಮೊದಲ 15 ದಿನ, ಕೆಲವದರಲ್ಲಿ ಇನ್ನೂ ಹೆಚ್ಚು, ರೋಗದಿಂದ ಸತ್ತರೆ ದುಡ್ಡಿಲ್ಲ. ಹಳೆಯದಕ್ಕೆ ಆ ಕಾಯುವ ಕಾಲ ಮುಗಿದಿರುತ್ತದೆ. ಹೆಸರು ಬದಲಾಗದೆ ಹಸು ಸತ್ತರೆ ಮಾತ್ರ ಇಬ್ಬರಿಗೂ ಏನೂ ಬರುವುದಿಲ್ಲ.

ಪಾಲಿಸಿ ಶುರುವಾಗುವ ಮುಂಚೆ ಬಂದ ರೋಗಕ್ಕೆ ಯಾವ ಕಂಪನಿಯೂ ಕೊಡುವುದಿಲ್ಲ. ಹಾಲು ಕೊಡುವುದು ಅಥವಾ ಗಬ್ಬ ಕಟ್ಟುವುದು ಶಾಶ್ವತವಾಗಿ ತಪ್ಪಿದರೆ ಸಾಮಾನ್ಯವಾಗಿ ವಿಮಾ ಮೊತ್ತದ ಶೇ 75 ಸಿಗುವ ಹೆಚ್ಚುವರಿ ರಕ್ಷಣೆ ಇದೆ. ಅದಕ್ಕೆ ನಷ್ಟ ಶಾಶ್ವತವೂ ಸಂಪೂರ್ಣವೂ ಆಗಿರಬೇಕು. ಒಂದು ಮೊಲೆ ಹೋದರೆ ಅದು ಸಂಪೂರ್ಣವಲ್ಲ. ಗಬ್ಬ ನಿಲ್ಲದ್ದು ಹಳೇ ರೋಗವೆಂದು ತಳ್ಳಿಹಾಕುತ್ತಾರೆ. ಆದ್ದರಿಂದ ಈ ಎರಡು ಹಸುಗಳಿಗೆ ಹೆಚ್ಚುವರಿ ಕಂತು ಕಟ್ಟಬೇಡಿ, ಆ ನಷ್ಟವನ್ನು ಕೊಳ್ಳುವ ಬೆಲೆಯಲ್ಲೇ ಕಳೆಯಿರಿ. ಹಾಲು ಜ್ವರದ್ದು ಬೇರೆ ಮಾತು: ಹೊಸದಾಗಿ ಬಂದು ಸತ್ತರೆ ಸಾವಿನ ವಿಮೆ ಕೈಹಿಡಿಯುತ್ತದೆ. ಹಸುವನ್ನು ಕರು ಹಾಕುವ ತಿಂಗಳ ಮುಂಚೆಯೇ ಕೊಂಡು ಆ ದಿನವೇ ವಿಮೆ ಮಾಡಿಸಿದರೆ ಕಾಯುವ ಕಾಲ ಕಳೆದಿರುತ್ತದೆ. ಆರೋಗ್ಯ ಪತ್ರದಲ್ಲಿ "ಹೋದ ಸೂಲಿನಲ್ಲಿ ಹಾಲು ಜ್ವರ ಬಂದಿತ್ತು, ಈಗ ಆರೋಗ್ಯವಾಗಿದೆ" ಎಂದು ಬರೆಸಿ. ಮುಚ್ಚಿಟ್ಟರೆ ಕಂಪನಿಯವರು ಅದೇ ಡಾಕ್ಟರ ದಾಖಲೆ ತೆಗೆದು ಕ್ಲೇಮು ನಿಲ್ಲಿಸುತ್ತಾರೆ.

ಇನ್ನೊಂದು ಅಪಾಯ ನಕಲಿ ಡಾಕ್ಟರ ಚಿಕಿತ್ಸೆಯದು. 450 ಮಿಲಿ ಕ್ಯಾಲ್ಸಿಯಂ ಬಾಟಲಿಯನ್ನು ನರಕ್ಕೆ ಬೇಗ ಬೇಗ ಇಳಿಸಿದರೆ ಹೃದಯ ನಿಂತು ಹಸು ಅಲ್ಲೇ ಸಾಯುತ್ತದೆ. ಅರ್ಹತೆ ಇಲ್ಲದವರ ಕೈಯ ಚಿಕಿತ್ಸೆ ಪಾಲಿಸಿಯಲ್ಲಿ ಹೊರಗಿಟ್ಟ ಕಾರಣಗಳಲ್ಲೊಂದು, ಆಗ ಹಸುವೂ ಹೋಯಿತು, ದುಡ್ಡೂ ಹೋಯಿತು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನೇ ಕರೆಸಿ, ಚೀಟಿ ಇಟ್ಟುಕೊಳ್ಳಿ.

ಹಸು ಸತ್ತರೆ ಅದೇ ದಿನ ಕಂಪನಿಗೆ ತಿಳಿಸಿ, ಓಲೆ ಕಾಣುವಂತೆ ಫೋಟೊ ತೆಗೆಯಿರಿ, ಮರಣೋತ್ತರ ಪರೀಕ್ಷೆ ಆಗದೆ ಗುಂಡಿಗೆ ಇಳಿಸಬೇಡಿ. ಓಲೆಯನ್ನು ಕಿವಿಯ ತುಂಡಿನ ಸಮೇತ ಕ್ಲೇಮಿನ ಜೊತೆ ಕೊಡಬೇಕು. ಬದುಕಿದ್ದಾಗಲೇ ಓಲೆ ಬಿದ್ದುಹೋಗಿದ್ದರೆ ಹೊಸದು ಹಾಕಿಸಿ ಆ ಅಂಕಿಯನ್ನು ಪಾಲಿಸಿಗೆ ಸೇರಿಸಿರಬೇಕು; ಓಲೆ ಇಲ್ಲದ ಹಸುವಿಗೆ ಕ್ಲೇಮು ಇಲ್ಲ.