ಹಳೆ ಕಾರಿನ ವಾರಂಟಿಗೆ ದುಡ್ಡು ಕಟ್ಟುವ ಮೊದಲು ಷರತ್ತಿನ ಕಾಗದ ಕೇಳಿ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಡೀಲರ್ ಹತ್ತಿರ ಹೋದರೆ ವಾರಂಟಿ ಮಾತು ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ರೇಟು ಕುದುರಿರುತ್ತದೆ, ಅಡ್ವಾನ್ಸ್ ಹೋಗಿರುತ್ತದೆ, ಆರ್‌ಸಿ ವರ್ಗಾವಣೆಯ ಫಾರಂ 29, 30ಕ್ಕೆ ಸಹಿಯೂ ಬಿದ್ದಿರುತ್ತದೆ. ಮನೆಯವರೆಲ್ಲ ಕಾರಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಆಗ ಮೆಲ್ಲಗೆ, "ಇದೊಂದು ವಾರಂಟಿ ಹಾಕಿಸಿಕೊಂಡುಬಿಡಿ, ಒಂದು ವರ್ಷ ತಲೆನೋವು ಇರಲ್ಲ" ಅನ್ನುತ್ತಾರೆ. ದಯವಿಟ್ಟು ಅಲ್ಲಿ ಐದು ನಿಮಿಷ ನಿಲ್ಲಿ. ನಮಗೆ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ, ಓದಿಕೊಂಡು ಆಮೇಲೆ ತೀರ್ಮಾನ ಮಾಡಿ.

ನಾವು ದಾವಣಗೆರೆಯವರು. ನಮ್ಮ ಯಜಮಾನರಿಗೆ ಎಡ ಮಂಡಿಯ ಆಪರೇಷನ್ ಆದಮೇಲೆ ಕ್ಲಚ್ ಒತ್ತುವುದು ಕಷ್ಟವಾಯಿತು. ಆಟೋ ಗೇರ್ ಇರುವ ಕಾರೇ ಬೇಕು, ಬಜೆಟ್ಟು ಐದು ಲಕ್ಷದ ಒಳಗೆ. 2023ರಲ್ಲಿ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಸಿಕ್ಕಿತು. ಎಎಂಟಿ ಅನ್ನುವ ಆಟೋ ಗೇರು, 52,000 ಕಿಲೋಮೀಟರ್ ಓಡಿತ್ತು. 4,85,000 ರೂಪಾಯಿಗೆ ಮಾತಾಯಿತು. ವಾರಂಟಿಗೆ 15,000, ಅದರ ಮೇಲೆ ಶೇ. 18 ಜಿಎಸ್‌ಟಿ. ಅಲ್ಲಿಗೆ 17,700.

ತೋರಿಸಿದ್ದು ನುಣುಪು ಕಾಗದದ ಒಂದೇ ಒಂದು ಹಾಳೆ. ಇಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಎಸಿ, ಒಂದೊಂದರ ಮುಂದೂ ಹಸಿರು ಟಿಕ್ ಮಾರ್ಕು. ನಮ್ಮವರು ಬಾಯಿಬಿಟ್ಟೇ ಕೇಳಿದರು, "ಆಟೋ ಗೇರ್ ಕೆಟ್ಟರೆ ಇದರಲ್ಲಿ ಬರತ್ತಾ?" ಸೇಲ್ಸ್ ಹುಡುಗ ಹೇಳಿದ, "ಗೇರ್‌ಬಾಕ್ಸ್ ಪೂರ್ತಿ ಬರತ್ತೆ ಸರ್, ಅದಕ್ಕೇ ಅಲ್ವಾ ಇದು ಇರೋದು." ಷರತ್ತು ಎಲ್ಲಿದೆ ಅಂತ ನಾನು ಕೇಳಿದೆ. "ಪೇಮೆಂಟ್ ಆದಮೇಲೆ ಸಿಸ್ಟಮ್‌ನಿಂದ ನಿಮ್ಮ ಮೇಲ್‌ಗೆ ಬರತ್ತೆ ಮೇಡಂ" ಅಂದ. ಬಂತು ಕೂಡ. ದುಡ್ಡು ಹೋದಮೇಲೆ, ಇಂಗ್ಲಿಷಿನಲ್ಲಿ, ಪುಟಗಟ್ಟಲೆ.

ಕೆಲವು ತಿಂಗಳು ಕಾರು ಚೆನ್ನಾಗೇ ಓಡಿತು. ಒಂದು ದಿನ ಚಿತ್ರದುರ್ಗದಿಂದ ಮದುವೆ ಮುಗಿಸಿ ಬರುವಾಗ ಟೋಲ್ ಸಾಲಿನಲ್ಲಿ ನಿಂತಿದ್ದೆವು. ಮುಂದಿನ ಗಾಡಿ ಹೋಯಿತು, ನಮ್ಮದು ಹೊರಡಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನ್ಯೂಟ್ರಲ್‌ನ ಎನ್ ಅಕ್ಷರ ಮಿನುಗುತ್ತಿತ್ತು. ಲಿವರನ್ನು ಡ್ರೈವ್‌ನ "ಡಿ"ಗೆ ಹಾಕಿದರೂ ಗೇರ್ ಬೀಳುತ್ತಿಲ್ಲ. ಹಿಂದಿನಿಂದ ಲಾರಿಗಳ ಹಾರನ್. ಟೋಲ್ ಸಿಬ್ಬಂದಿಯೇ ಬಂದು ಪಕ್ಕಕ್ಕೆ ತಳ್ಳಿಕೊಟ್ಟರು. ಅಲ್ಲಿಂದ ಟೋ ಮಾಡಿಸಿ ವರ್ಕ್‌ಶಾಪಿಗೆ ತಂದೆವು.

ಎಎಂಟಿ ಅಂದರೆ ಏನು ಅಂತ ನನಗೆ ಸರಿಯಾಗಿ ತಿಳಿದದ್ದು ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಿ ತೋರಿಸಿದಾಗ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕ್ಲೇಮ್ ಬಿದ್ದಿದ್ದೇ ಇಲ್ಲಿ. ಎಎಂಟಿ ಕಾರಿನ ಒಳಗೆ ಇರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ಅದರ ಮೇಲೆ ಒಂದು ಆ್ಯಕ್ಚುಯೇಟರ್ ಕೂರಿಸಿರುತ್ತಾರೆ. ಸಣ್ಣ ಪಂಪು, ಆಯಿಲ್ ಡಬ್ಬಿ, ಒಂದಷ್ಟು ವಾಲ್ವು, ಸೆನ್ಸರು. ನಾವು ಕಾಲಿನಲ್ಲಿ ಕ್ಲಚ್ ಒತ್ತಿ ಕೈಯಲ್ಲಿ ಗೇರ್ ಹಾಕುವ ಕೆಲಸವನ್ನು ಅದು ಮಾಡುತ್ತದೆ. ಒಳಗಿನ ಹಲ್ಲುಚಕ್ರಗಳು, ಶಾಫ್ಟುಗಳು ಅಷ್ಟು ಸುಲಭವಾಗಿ ಕೆಡುವುದಿಲ್ಲ. ಎಎಂಟಿ ಕಾರಿನಲ್ಲಿ ತೊಂದರೆ ಬಂದರೆ ಸಾಮಾನ್ಯವಾಗಿ ಈ ಆ್ಯಕ್ಚುಯೇಟರ್‌ನಲ್ಲಿ, ಇಲ್ಲವೇ ಕ್ಲಚ್‌ನಲ್ಲಿ. ನಮ್ಮ ಕಾರಿನಲ್ಲಿ ಆ್ಯಕ್ಚುಯೇಟರ್ ಪ್ರೆಷರ್ ಹಿಡಿಯುತ್ತಿರಲಿಲ್ಲ, ಕ್ಲಚ್ ಕೂಡ ಸವೆದಿತ್ತು. ಎಸ್ಟಿಮೇಟ್ ಎಲ್ಲ ಸೇರಿ 62,400.

ಇರಲಿ, ವಾರಂಟಿ ಇದೆಯಲ್ಲ ಅಂತ ಫೋನ್ ಮಾಡಿದೆವು. ಡೀಲರ್ ತಾವು ಮಾರಿದ ವಾರಂಟಿಯ ಹಿಂದಿರುವ ಬೇರೆ ಕಂಪನಿಯ ನಂಬರ್ ಕೊಟ್ಟರು. ಆ ಕಂಪನಿಯವರು ತಮ್ಮ ಒಪ್ಪಿಗೆ ಇಲ್ಲದೆ ಒಂದು ಬೋಲ್ಟ್ ಕೂಡ ಬಿಚ್ಚಬೇಡಿ ಅಂದರು. ಫೋಟೊ ಕಳಿಸಿ, ಜಾಬ್ ಕಾರ್ಡ್ ಕಳಿಸಿ, ಮೀಟರ್ ರೀಡಿಂಗ್ ಕಳಿಸಿ, ಕಾರು ಹೊಸದಿದ್ದಾಗಿನಿಂದ ಆದ ಸರ್ವಿಸ್ ದಾಖಲೆ ಎಲ್ಲ ಕಳಿಸಿ. ಕಳಿಸಿದೆವು. ಆಮೇಲೆ ಗೇರ್‌ಬಾಕ್ಸ್ ಇಳಿಸಿ ನೋಡಬೇಕು, ಆ ಕೂಲಿ ನಿಮ್ಮದು, ಕ್ಲೇಮ್ ಪಾಸಾದರೆ ಮಾತ್ರ ವಾಪಸ್ ಅಂದರು. ಅದಕ್ಕೂ ಹೂಂ ಅಂದೆವು. ಸರ್ವೇಯರ್ ಬಂದು ನೋಡಿ ಹೋದರು. ಅಷ್ಟು ದಿನವೂ ಕಾರು ವರ್ಕ್‌ಶಾಪಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಇವರು ಮಂಡಿ ನೋವಿನಲ್ಲೇ ಆಟೋ, ಬಸ್ಸು ಹತ್ತಿ ಇಳಿದು ಓಡಾಡಿದರು. ಕೊನೆಗೆ ತಿರಸ್ಕಾರದ ಪತ್ರ ಬಂತು. ಕಾರಣ ಮೂರು.

ಮೊದಲನೆಯದು, ವಾರಂಟಿ ಇರುವುದು ಗೇರ್‌ಬಾಕ್ಸಿನ "ಒಳಗೆ ಆಯಿಲ್‌ನಲ್ಲಿ ತಿರುಗುವ ಭಾಗ"ಗಳಿಗೆ ಮಾತ್ರ. ಆ್ಯಕ್ಚುಯೇಟರ್ ಹೊರಗೆ ಕೂರಿಸಿದ್ದು, ಆದ್ದರಿಂದ ಅದು ಗೇರ್‌ಬಾಕ್ಸ್ ಅಲ್ಲವಂತೆ. ಎರಡನೆಯದು, ಕ್ಲಚ್ ಸವೆಯುವ ವಸ್ತು, ಅದಕ್ಕೆ ವಾರಂಟಿ ಇಲ್ಲ. ಮೂರನೆಯದು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. 2020ರಲ್ಲಿ ಆಗಬೇಕಿದ್ದ ಒಂದು ಸರ್ವಿಸ್ ದಾಖಲೆಯಲ್ಲಿ ಇಲ್ಲ, ಹಾಗಾಗಿ ಷರತ್ತು ಮುರಿದಂತಾಗಿದೆ.

2020ರಲ್ಲಿ ಲಾಕ್‌ಡೌನ್ ಇತ್ತು. ಆಗ ಆ ಕಾರು ಬೇರೆ ಯಾರದೋ ಆಗಿತ್ತು. ಅವರಿಂದ ಕೊಂಡು ನಮಗೆ ಮಾರಿದ್ದು ಇದೇ ಡೀಲರ್. "ಪೂರ್ತಿ ಸರ್ವಿಸ್ ಹಿಸ್ಟರಿ ಇದೆ" ಅಂತ ಜಾಹೀರಾತಿನಲ್ಲಿ ಹಾಕಿದ್ದೂ ಅವರೇ. ಹಿಸ್ಟರಿಯಲ್ಲಿ ತೂತು ಇತ್ತು ಅಂತಾದರೆ ಅಂಥ ಕಾರಿಗೆ ವಾರಂಟಿ ಮಾರಿದ್ದು ಯಾಕೆ? ಈ ಪ್ರಶ್ನೆಗೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಡೀಲರನ್ನು ಕೇಳಿದರೆ ಅದು ವಾರಂಟಿ ಕಂಪನಿಯ ತೀರ್ಮಾನ ಅನ್ನುತ್ತಾರೆ. ವಾರಂಟಿ ಕಂಪನಿಯನ್ನು ಕೇಳಿದರೆ ಡೀಲರ್ ಏನು ಹೇಳಿದರೋ ನಮಗೆ ಗೊತ್ತಿಲ್ಲ, ಷರತ್ತಿನಲ್ಲಿ ಬರೆದದ್ದೇ ಲೆಕ್ಕ ಅನ್ನುತ್ತಾರೆ.

ಆ ಷರತ್ತುಗಳನ್ನು ಆಮೇಲೆ ಪೆನ್ಸಿಲ್ ಹಿಡಿದುಕೊಂಡು ಸಾಲು ಸಾಲು ಓದಿದೆ. ಒಂದು ವಿಷಯ ಸ್ಪಷ್ಟವಾಯಿತು. ವಾರಂಟಿ ಕೊಟ್ಟಿರುವ ಪಟ್ಟಿಯಲ್ಲಿ ಇರುವುದೆಲ್ಲ ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್, ಪಿಸ್ಟನ್, ಗೇರಿನ ಹಲ್ಲುಚಕ್ರ. ಸರಿಯಾಗಿ ಆಯಿಲ್ ಬದಲಿಸಿದ ಕಾರಿನಲ್ಲಿ ಇವು 50-60 ಸಾವಿರ ಕಿಲೋಮೀಟರಿಗೆ ಕೆಡುವುದು ತೀರಾ ಅಪರೂಪ. ಹಳೆ ಕಾರಿನಲ್ಲಿ ನಿಜವಾಗಿ ಕೆಡುವ ಕ್ಲಚ್, ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್, ಬೆಲ್ಟ್, ಹೋಸ್ ಪೈಪ್, ಬ್ಯಾಟರಿ, ಸೆನ್ಸರ್ ಎಲ್ಲವೂ ಹೊರಗಿಟ್ಟ ಪಟ್ಟಿಯಲ್ಲಿ. ಸೈಕಲ್ ಫ್ರೇಮಿಗೆ ಗ್ಯಾರಂಟಿ ಕೊಟ್ಟು ಟ್ಯೂಬ್ ಪಂಚರಿಗೆ ಇಲ್ಲ ಅಂದ ಹಾಗೆ. ಡೀಸೆಲ್ ಗಾಡಿ ಆದರೆ ಇಂಜೆಕ್ಟರ್, ಟರ್ಬೊ ಯಾವ ಪಟ್ಟಿಯಲ್ಲಿವೆ ಅಂತ ಮೊದಲು ನೋಡಿ. ಇಂಜೆಕ್ಟರ್ ಒಳಗಿದ್ದರೂ ಡೀಸೆಲ್ ಕಲಬೆರಕೆ ಇತ್ತು ಅಂತ ಹೇಳಿ ಜಾರಿಕೊಳ್ಳಲು ಒಂದು ಸಾಲು ಇರುತ್ತದೆ.

ಇನ್ನೂ ಕೆಲವು ಸಾಲುಗಳು ಎಲ್ಲರಿಗೂ ತಾಗುವಂಥವು. ಕೊಂಡ ಮೊದಲ ಕೆಲವು ವಾರ ಕ್ಲೇಮ್ ಇಲ್ಲ. ಕೊಳ್ಳುವ ಮೊದಲೇ ಇದ್ದ ದೋಷಕ್ಕೆ ಇಲ್ಲ, ಮೊದಲೇ ಇತ್ತೋ ಇಲ್ಲವೋ ಅಂತ ತೀರ್ಮಾನಿಸುವವರು ಅವರೇ. ಇಂಜಿನ್ ಬಿಸಿಯೇರಿ ಕೆಟ್ಟರೆ ಇಲ್ಲ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಇಲ್ಲ. ಮೀಟರ್ ತಿರುಗಿಸಿದ್ದು ಗೊತ್ತಾದರೆ ಇಲ್ಲ, ತಿರುಗಿಸಿದವರು ಹಿಂದಿನ ಮಾಲೀಕರಾದರೂ ಸರಿ. ಒಂದು ಸಲಕ್ಕೆ ಇಷ್ಟೇ, ವರ್ಷಕ್ಕೆ ಇಷ್ಟೇ ಅಂತ ಮಿತಿ. ಆಯಿಲ್, ಕೂಲೆಂಟ್, ಗ್ಯಾಸ್ಕೆಟ್ ಖರ್ಚು ನಮ್ಮದೇ. ಸರ್ವಿಸ್ ಅವರು ಹೇಳಿದ ವರ್ಕ್‌ಶಾಪಿನಲ್ಲೇ, ಅವಧಿ ಮೀರದಂತೆ ಆಗಬೇಕು. ಬೆಂಗಳೂರಿನಲ್ಲಿ ಇರುವವರಿಗೆ ಇದು ಕಷ್ಟ ಅನ್ನಿಸಲಿಕ್ಕಿಲ್ಲ. ತಾಲ್ಲೂಕಿನಲ್ಲಿ, ಹಳ್ಳಿಯಲ್ಲಿ ಇರುವವರು ಪ್ರತಿ ಸರ್ವಿಸಿಗೂ ಜಿಲ್ಲಾ ಕೇಂದ್ರಕ್ಕೆ ಗಾಡಿ ತರಬೇಕು.

ಮಳೆಗಾಲದ ವಿಷಯವೂ ಹೇಳಿಬಿಡುತ್ತೇನೆ. ಅಂಡರ್‌ಪಾಸಿನಲ್ಲಿ ನೀರು ನುಗ್ಗಿ ಇಂಜಿನ್ ಹಿಡಿದುಕೊಂಡರೆ ಇಂಥ ವಾರಂಟಿ ಬರುವುದಿಲ್ಲ. ಮಾಮೂಲಿ ಇನ್ಶೂರೆನ್ಸಿನಲ್ಲೂ ಅದಕ್ಕೆ ದುಡ್ಡು ಸಿಗುವುದು ಕಷ್ಟ. ಅದಕ್ಕೆ ಇನ್ಶೂರೆನ್ಸ್ ಜೊತೆ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಆ್ಯಡ್ ಆನ್ ತೆಗೆದುಕೊಳ್ಳಬೇಕು. ವಾರಂಟಿಯನ್ನೂ ಇನ್ಶೂರೆನ್ಸನ್ನೂ ಒಂದೇ ಅಂದುಕೊಂಡವರು ತುಂಬಾ ಜನ ಇದ್ದಾರೆ. ಇನ್ಶೂರೆನ್ಸ್ ಅಪಘಾತ, ಕಳ್ಳತನ, ಬೆಂಕಿ, ಪ್ರವಾಹಕ್ಕೆ (ಮೇಲೆ ಹೇಳಿದ ಇಂಜಿನ್ ವಿಷಯ ಬಿಟ್ಟು). ತಾನಾಗಿ ಕೆಟ್ಟ ಯಂತ್ರಕ್ಕೆ ಅದು ಬರುವುದಿಲ್ಲ.

ಎಲ್ಲ ವಾರಂಟಿಯೂ ಮೋಸ ಅಂತ ನಾನು ಹೇಳುತ್ತಿಲ್ಲ. ಕಾರು ತಯಾರಿಸಿದ ಕಂಪನಿಯೇ ಕೊಡುವ ಎಕ್ಸ್‌ಟೆಂಡೆಡ್ ವಾರಂಟಿ ಬೇರೆ, ಡೀಲರ್ ಮೂರನೆಯವರಿಂದ ತಂದು ಮಾರುವುದು ಬೇರೆ. ಕಂಪನಿಯದ್ದು ಸಾಮಾನ್ಯವಾಗಿ ಮೊದಲ ವಾರಂಟಿ ಮುಗಿಯುವ ಮೊದಲೇ ಹಾಕಿಸಿರಬೇಕು, ಅದು ಆ ಕಾರಿನ ಚಾಸಿಸ್ ನಂಬರಿಗೆ ಅಂಟಿಕೊಂಡಿರುತ್ತದೆ. ಮೊನ್ನೆ ನನ್ನ ತಮ್ಮ ಶಿವಮೊಗ್ಗದಲ್ಲಿ ಒಂದು ಎಎಂಟಿ ಕಾರು ನೋಡಿದ, ಮಾಲೀಕರೇ ಮಾರುತ್ತಿದ್ದರು. ಅವರು ಹೊಸದರಲ್ಲೇ ಕಂಪನಿ ವಾರಂಟಿ ಮುಂದುವರಿಸಿದ್ದರು. ತಮ್ಮ ಅವರನ್ನೇ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದ. ಚಾಸಿಸ್ ನಂಬರ್ ಹಾಕಿ ನೋಡಿದರೆ ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಹೊಸ ಮಾಲೀಕರ ಹೆಸರಿಗೆ ಬದಲಾಯಿಸಲು ಏನು ಬೇಕು ಅಂತ ಕೇಳಿಕೊಂಡ. ಷರತ್ತಿನ ಪುಸ್ತಕದಲ್ಲಿ ಆ್ಯಕ್ಚುಯೇಟರ್ ಅನ್ನುವ ಪದ ಹುಡುಕಿದ, ವಾರಂಟಿ ಇರುವ ಪಟ್ಟಿಯಲ್ಲೇ ಇತ್ತು. ಸರ್ವಿಸ್ ಹಿಸ್ಟರಿ ಪ್ರಿಂಟ್ ತೆಗೆಸಿ ಒಂದೊಂದು ಸರ್ವಿಸಿನ ಕಿಲೋಮೀಟರ್ ಮೀಟರಿಗೆ ತಾಳೆ ನೋಡಿದ. ಆಮೇಲೆ ರೇಟಿನ ಮಾತಾಡಿದ. ಅಂಥ ವಾರಂಟಿ ಇರುವ ಕಾರಿಗೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಡೀಲರ್ ಮಾರುವ ವಾರಂಟಿಯೇ ತೆಗೆದುಕೊಳ್ಳಬೇಕು ಅಂತಿದ್ದರೆ ಅಂಗಡಿಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಪೂರ್ತಿ ಷರತ್ತಿನ ಕಾಗದ ಮೊದಲು ವಾಟ್ಸಾಪಿಗೆ ಕಳಿಸಿ, ನಾಳೆ ಹೇಳುತ್ತೇವೆ ಅನ್ನಿ. ಕಳಿಸಲು ಹಿಂದೆಮುಂದೆ ನೋಡಿದರೆ ಅಲ್ಲೇ ಬಿಟ್ಟುಬಿಡಿ. ಕಳಿಸಿದರೆ ನಿಮ್ಮ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ, "ಈ ಮಾಡೆಲ್‌ನಲ್ಲಿ ಮಾಮೂಲಾಗಿ ಏನು ಕೆಡತ್ತೆ?" ಅವರು ಹೇಳಿದ ಭಾಗದ ಹೆಸರು ಯಾವ ಪಟ್ಟಿಯಲ್ಲಿದೆ ನೋಡಿ. ಬಾಯಿಮಾತಿನ ಭರವಸೆಗಳನ್ನೆಲ್ಲ ಮೆಸೇಜಿನಲ್ಲಿ ಬರೆಸಿಕೊಳ್ಳಿ. "ಆಟೋ ಗೇರ್ ಆ್ಯಕ್ಚುಯೇಟರಿಗೂ ವಾರಂಟಿ ಇದೆ ಅಂದಿರಿ, ಹೌದು ತಾನೇ?" ಅಂತ ನೀವೇ ಬರೆದು ಕಳಿಸಿ ಉತ್ತರ ತರಿಸಿಕೊಂಡರೂ ಆಯಿತು. ಹಿಂದಿನ ಮಾಲೀಕರ ಕಾಲದಲ್ಲಿ ಸರ್ವಿಸ್ ತಪ್ಪಿದ್ದರೆ ಕ್ಲೇಮಿಗೆ ತೊಂದರೆ ಇಲ್ಲ ಅಂತಲೂ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿಗೆ ಉತ್ತರ ಸಿಕ್ಕಿದಂತೆ.

ಮಾಮೂಲಿ ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಕಾರು ಆದರೆ ಇಂಥ ವಾರಂಟಿ ಬೇಡವೇ ಬೇಡ. ಎರಡು ಮೂರು ಸಾವಿರ ಕೊಟ್ಟು ಸ್ವಂತ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿ, ಲಿಫ್ಟ್ ಮೇಲೆ ಏರಿಸಿ ನೋಡಿಸಿ. ವಾರಂಟಿಗೆ ಕಟ್ಟುವ ಉಳಿದ ದುಡ್ಡನ್ನು ಬ್ಯಾಂಕಿನಲ್ಲಿ ಬೇರೆ ಇಡಿ. ಕ್ಲಚ್ ಹೋದರೆ ಆ ದುಡ್ಡು ಯಾರ ಒಪ್ಪಿಗೆಯೂ ಕೇಳದೆ ಕೈಗೆ ಬರುತ್ತದೆ.

62,400 ನಾವೇ ಕಟ್ಟಿ ಕಾರು ಬಿಡಿಸಿಕೊಂಡೆವು. ಬಿಚ್ಚಿಟ್ಟ ಹಳೆ ಆ್ಯಕ್ಚುಯೇಟರನ್ನು ವರ್ಕ್‌ಶಾಪಿನವರಿಂದ ಕೇಳಿ ತಂದು ಇಟ್ಟುಕೊಂಡಿದ್ದೇವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅಲ್ಲಿಂದ ಕೇಳಿದ್ದಕ್ಕೂ ಕಂಪನಿ "ಷರತ್ತಿನ ಪ್ರಕಾರ" ಅಂತಲೇ ಉತ್ತರ ಕೊಟ್ಟಿತು. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆವು. ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ದೂರು ದಾವಣಗೆರೆಯಲ್ಲೇ ಕೊಡಲು ಸಾಧ್ಯವಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಊರಿನಲ್ಲೇ ಕೇಸು ಹಾಕಲು ಅವಕಾಶ ಇದೆ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಹಸಿರು ಟಿಕ್ ಹಾಕಿದ ಹಾಳೆ, ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಟ್ಟಿದ ಹೊತ್ತು ಮತ್ತು ಷರತ್ತಿನ ಮೇಲ್ ಬಂದ ಹೊತ್ತು, ಎಲ್ಲ ದೂರಿನ ಜೊತೆ ಕೊಟ್ಟಿದ್ದೇವೆ. ಷರತ್ತು ಬಂದದ್ದು ದುಡ್ಡು ಕಟ್ಟಿದಮೇಲೆ ಅನ್ನುವುದೇ ನಮ್ಮ ಮುಖ್ಯ ವಾದ. ಕೇಸು ಇನ್ನೂ ನಡೆಯುತ್ತಿದೆ.

ನಿಮಗೂ ಇಂಥ ತಿರಸ್ಕಾರದ ಪತ್ರ ಬಂದಿದ್ದರೆ ಅದರ ಮೇಲಿನ ತಾರೀಕು ನೋಡಿಕೊಳ್ಳಿ. ದೂರು ಕೊಡಲು ಎರಡು ವರ್ಷ ಮಾತ್ರ ಸಮಯ. ಫೋನ್ ಬದಲಾಯಿಸುವಾಗ ಡೀಲರ್ ಜೊತೆಗಿನ ವಾಟ್ಸಾಪ್ ಮಾತುಕತೆ ಅಳಿಸಿ ಹೋಗದ ಹಾಗೆ ಬ್ಯಾಕಪ್ ತೆಗೆದಿಡಿ, ಬಿಚ್ಚಿದ ಹಳೆ ಭಾಗವನ್ನು ಗುಜರಿಗೆ ಹಾಕಬೇಡಿ.