ಬೋರ್ಡಿನಲ್ಲಿ 38 ಖಾಲಿ, ಒಳಗೆ ಒಂದೂ ಇಲ್ಲ: ಮಾಲ್ ಪಾರ್ಕಿಂಗ್ ಪಾಸ್, ಒಂದೂವರೆ ವರ್ಷದ ಬಳಕೆಯ ನಂತರ

ಮಾಲಿನ ಬೇಸ್‌ಮೆಂಟಿನಲ್ಲಿ ಗಾಡಿ ಬಿಟ್ಟು, ಪಕ್ಕದ ಸ್ಟೇಷನ್ನಿನಿಂದ ರೈಲು ಹಿಡಿದು ಕೆಲಸಕ್ಕೆ ಹೋಗುವವರಿಗೆಂದು ಕೊಡುವ ತಿಂಗಳ ಪಾಸ್ ಇದು. ದರ, ವೇಳೆ, ಎಷ್ಟು ಮಹಡಿ ಎಂಬುದೆಲ್ಲ ಕೌಂಟರಿನಲ್ಲಿ ಅಂಟಿಸಿದ ಹಾಳೆಯಲ್ಲೇ ಇದೆ, ಇಲ್ಲಿ ಮತ್ತೆ ಬರೆಯುವುದಿಲ್ಲ. ಬರೆಯಲೇಬೇಕಾದದ್ದು ಒಂದೇ: ಪಾಸಿನವರ ಜಾಗ ಕರಗುತ್ತಿದೆ. ಒಂದೇ ಏಟಿಗೆ ಒಂದು ಸಾಲನ್ನೇ ಕಿತ್ತುಕೊಂಡಿದ್ದರೆ ಎಲ್ಲರೂ ಸೇರಿ ಜಗಳವಾಡಬಹುದಿತ್ತು. ಹಾಗೆ ಆಗುವುದಿಲ್ಲವಲ್ಲ. ಒಂದು ಸೋಮವಾರ ಎರಡು ಕೋನ್ ಬರುತ್ತವೆ. ವಾರ ಕಳೆದ ಮೇಲೆ ಕೋನ್ ಹೋಗಿ ಸರಪಳಿ ಬರುತ್ತದೆ. ತಿಂಗಳಾಗುವಷ್ಟರಲ್ಲಿ ಸರಪಳಿಯ ಜಾಗದಲ್ಲಿ ಬಣ್ಣದ ಬೋರ್ಡು. ಅದು ಯಾವಾಗಲೂ ಹಾಗೇ ಇತ್ತೇನೋ ಎಂಬಂತೆ.

ಯಾವ ಜಾಗ ಯಾರ ಪಾಲಾಯಿತು ಎಂದು ನೋಡುತ್ತ ಹೋದರೆ ಬೇಸ್‌ಮೆಂಟಿನ ನಕ್ಷೆಯೇ ಬಾಯಿಪಾಠವಾಗುತ್ತದೆ. ಲಿಫ್ಟಿಗೆ ಹತ್ತಿರದ ಸಾಲು ವ್ಯಾಲೆಗೆ, ಅಂದರೆ ಗಿರಾಕಿಗಳ ಗಾಡಿಯನ್ನು ತಾವೇ ಒಯ್ದು ನಿಲ್ಲಿಸುವ ಸಿಬ್ಬಂದಿಗೆ. ನೀರು ಹರಿಯುವ ಚರಂಡಿ ಜಾಲರಿ ಇರುವ ಮೂಲೆ ಕಾರು ತೊಳೆಯುವವರಿಗೆ, ಅವರಿಗೆ ಬೇರೆಡೆ ಕೆಲಸ ಆಗುವುದಿಲ್ಲ. ಸರಕಿನ ಲಿಫ್ಟಿನ ಎದುರು ಅಂಗಡಿಗಳ ರಟ್ಟಿನ ಪೆಟ್ಟಿಗೆ, ತಲೆಯಿಲ್ಲದ ಬಟ್ಟೆಗೊಂಬೆಗಳು, ಕಳೆದ ಸಲದ ಅಲಂಕಾರದ ಕಮಾನು. (ಈ ಪೆಟ್ಟಿಗೆಗಳು ಬೆಂಕಿ ಬಿದ್ದಾಗ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಮೂತಿಯ ತನಕ ಏರಿರುತ್ತವೆ. ಸ್ಪ್ರಿಂಕ್ಲರಿನ ಕೆಳಗೆ ಸುಮಾರು 45 ಸೆಂಟಿಮೀಟರ್ ಖಾಲಿ ಇಲ್ಲದಿದ್ದರೆ ನೀರು ಸರಿಯಾಗಿ ಹರಡುವುದಿಲ್ಲ. ಇದು ಪಾರ್ಕಿಂಗಿಗಿಂತ ದೊಡ್ಡ ತಕರಾರು, ಆದರೆ ದೂರು ಪುಸ್ತಕದಲ್ಲಿ ಎರಡಕ್ಕೂ ಇರುವುದು ಒಂದೇ ಸಾಲು.) ಎರಡು ಸ್ಲ್ಯಾಬ್ ಕೂಡುವ ಕಡೆ ಸೂರು ಸೋರುವುದರಿಂದ ಅದರ ಕೆಳಗಿನ ಸ್ಲಾಟುಗಳಿಗೆ ಡ್ರಮ್ಮು. ಡ್ರಮ್ಮು ಇಲ್ಲದಿದ್ದರೂ ಅಲ್ಲಿ ನಿಲ್ಲಿಸಬೇಡಿ. ಕಾಂಕ್ರೀಟಿನ ಮೂಲಕ ಇಳಿಯುವ ನೀರಿನಲ್ಲಿ ಸುಣ್ಣ ಇರುತ್ತದೆ, ಬಾನೆಟ್ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಹಸಿಯಾಗಿದ್ದಾಗಲೇ ತೊಳೆದುಬಿಡಬೇಕು, ಒಣಗಿದ್ದರೆ ನೀರು ಬೆರೆಸಿದ ವಿನೆಗರ್ ಒದ್ದೆಬಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಬೇಕು. ಉಜ್ಜಿದರೆ ಗೀರು ಬೀಳುತ್ತದೆ.

ಜಾಗ ಕಳೆಯುವ ಇನ್ನೊಂದು ದಾರಿ ಕಣ್ಣಿಗೆ ಬೀಳುವುದಿಲ್ಲ. ನೆಲಕ್ಕೆ ಹೊಸ ಬಣ್ಣ ಹೊಡೆಯುವಾಗ ಗೆರೆಗಳನ್ನು ಒತ್ತೊತ್ತಾಗಿ ಎಳೆದಿದ್ದಾರೆ. ಎರಡೂವರೆ ಮೀಟರ್ ಅಗಲದ ಸ್ಲಾಟಿನಲ್ಲಿ 1.8 ಮೀಟರಿನ ಕಾರು ನಿಂತರೆ ಪಕ್ಕಕ್ಕೆ 70 ಸೆಂಟಿಮೀಟರ್ ಉಳಿಯುತ್ತದೆ, ಬಾಗಿಲು ತೆಗೆದು ಇಳಿಯಬಹುದು. ಅದನ್ನೇ 2.3 ಮಾಡಿದರೆ ಉಳಿಯುವುದು 50. ಹೊಟ್ಟೆ ಒಳಗೆಳೆದುಕೊಂಡು ಇಳಿಯುವವರು ಇಳಿಯುತ್ತಾರೆ, ಆಗದವರು ಗೆರೆಯ ಮೇಲೆ ನಿಲ್ಲಿಸುತ್ತಾರೆ. ಒಬ್ಬರು ಗೆರೆ ತುಳಿದರೆ ಪಕ್ಕದವರೂ ತುಳಿಯಬೇಕು, ಸಾಲಿನ ಕೊನೆಗೆ ಅರ್ಧ ಸ್ಲಾಟ್ ಉಳಿದು ಯಾರಿಗೂ ಸಲ್ಲದೆ ಹೋಗುತ್ತದೆ. ಕಾಗದದ ಮೇಲೆ ಸ್ಲಾಟುಗಳು ಹೆಚ್ಚಾದವು, ನೆಲದ ಮೇಲೆ ಕಾರುಗಳು ಕಡಿಮೆಯಾದವು. ಬೈಕಿನವರಿಗೂ ಇದೇ ಲೆಕ್ಕ ತೋರಿಸಿದ್ದಾರೆ. ಒಂದು ಕಾರಿನ ಜಾಗದಲ್ಲಿ ಮೂರರ ಎರಡು ಸಾಲು, ಒಟ್ಟು ಆರು ಬೈಕು ಹಿಡಿಯುತ್ತವೆ ನಿಜ. ಆದರೆ ಹೊರಸಾಲಿನ ಮೂರು ಕದಲುವ ತನಕ ಒಳಸಾಲಿನ ಮೂರಕ್ಕೆ ದಾರಿಯಿಲ್ಲ.

ಇನ್ನು ಖಾಲಿ ಜಾಗ ಎಷ್ಟೆಂದು ತೋರಿಸುವ ಆ ಬೋರ್ಡು. ಕೋಪ ಹೆಚ್ಚು ಖರ್ಚಾಗುವುದು ಇಲ್ಲೇ. ಬಾಗಿಲಲ್ಲಿ ಏಳುವ ಇಳಿಯುವ ಅಡ್ಡಕಂಬದ, ಅಂದರೆ ಬೂಮ್‌ನ ಪಕ್ಕದಲ್ಲಿ ಹಸಿರು ಅಂಕಿಗಳಲ್ಲಿ 38 ಎಂದು ಬರೆದಿರುತ್ತದೆ, ‘ಕೆಳಗೆ ಖಾಲಿ ಇದೆ ಸಾರ್, ಹೋಗಿ’ ಎಂದು ಗಾರ್ಡೂ ಕೈ ಬೀಸುತ್ತಾರೆ. ಕೆಳಗಿಳಿದು ಮೂರು ಸುತ್ತು ಹೊಡೆದರೂ ಒಂದೂ ಸಿಗುವುದಿಲ್ಲ. ಗಾರ್ಡ್ ಸುಳ್ಳು ಹೇಳುತ್ತಿಲ್ಲ. ಅವರು ಓದುತ್ತಿರುವುದೂ ಅದೇ ಬೋರ್ಡನ್ನು.

ಬೋರ್ಡು ಸ್ಲಾಟುಗಳನ್ನು ಎಣಿಸುವುದೇ ಇಲ್ಲ, ಬಾಗಿಲನ್ನು ಎಣಿಸುತ್ತದೆ. ಬೂಮ್ ಹತ್ತಿರ ನೆಲದಲ್ಲಿ ಆಯತಾಕಾರದ ಸೀಳು ಕಾಣುತ್ತದಲ್ಲ, ಅದರೊಳಗೆ ಕೆಲವು ಸುತ್ತು ತಂತಿ ಹೂತಿರುತ್ತದೆ. ಮೇಲೆ ಲೋಹ ಬಂದರೆ ತಂತಿಯ ಇಂಡಕ್ಟೆನ್ಸ್ ಎಂಬ ವಿದ್ಯುತ್ ಗುಣ ಬದಲಾಗುತ್ತದೆ, ಅದಕ್ಕೆ ಜೋಡಿಸಿದ ಯಂತ್ರ ಒಂದು ಗಾಡಿ ಎಂದು ಎಣಿಸುತ್ತದೆ. ಒಟ್ಟು ಸಾಮರ್ಥ್ಯದಿಂದ ಒಳಗಿರುವ ಗಾಡಿಗಳನ್ನು ಕಳೆದರೆ ಬೋರ್ಡಿನ ಅಂಕಿ. ಬೆಳಗಿನ ನೂಕುನುಗ್ಗಲಿನಲ್ಲಿ ಬೂಮ್ ಎತ್ತಿಯೇ ಹಿಡಿದಾಗ ಬಂಪರಿಗೆ ಬಂಪರ್ ತಾಗಿಸಿಕೊಂಡು ನುಗ್ಗುವ ಎರಡು ಕಾರುಗಳನ್ನು ತಂತಿ ಒಂದೇ ಎಂದುಕೊಳ್ಳುತ್ತದೆ, ಹಾಗಾಗಿ ಇರುವುದಕ್ಕಿಂತ ಹೆಚ್ಚು ಖಾಲಿ ತೋರುತ್ತದೆ. ಸಂಜೆ ಹೊರಹೋಗುವ ಬಾಗಿಲಲ್ಲಿ ಇದೇ ತಪ್ಪು ತಿರುಗುಮುರುಗು. ರಾತ್ರಿ ಯಾರಾದರೂ ಒಂದು ಸುತ್ತು ನಡೆದು ಗಾಡಿ ಎಣಿಸಿ ಅಂಕಿ ಸರಿಮಾಡದಿದ್ದರೆ ತಪ್ಪು ಮೇಲೆ ತಪ್ಪು ಕೂಡುತ್ತದೆ.

ಆದರೆ ಇವೆಲ್ಲ ನಾಲ್ಕೈದರ ವ್ಯತ್ಯಾಸ. ದಿನವೂ ಹೆಚ್ಚುಕಡಿಮೆ ಅದೇ 38 ಬರಲು ಕಾರಣ ಬೇರೆ. ಸಾಫ್ಟ್‌ವೇರಿನಲ್ಲಿ ‘ಒಟ್ಟು ಸಾಮರ್ಥ್ಯ’ ಎಂಬ ಕಡೆ ತುಂಬಿದ ಅಂಕಿ ಮಾಲ್ ಬಾಗಿಲು ತೆರೆದ ದಿನದ್ದು. ವ್ಯಾಲೆಗೆ ಹೋದದ್ದು, ಪೆಟ್ಟಿಗೆ ಪಾಲಾದದ್ದು, ಡ್ರಮ್ಮಿನ ಕೆಳಗಿನದು ಯಾವುದನ್ನೂ ಅದರಿಂದ ಕಳೆದಿಲ್ಲ. ನಿಜವಾದ ಸ್ಲಾಟುಗಳೆಲ್ಲ ಭರ್ತಿಯಾದ ಮೇಲೂ ಬೋರ್ಡಿನಲ್ಲಿ ಏನೋ ಉಳಿದುಕೊಳ್ಳುತ್ತದಲ್ಲ, ಆ ಉಳಿದದ್ದೇ ಕಳೆದುಹೋದ ಸ್ಲಾಟುಗಳ ಎಣಿಕೆ. ಒಂದು ಬೆಳಗ್ಗೆ ಕೋನು, ಸರಪಳಿ, ಡ್ರಮ್ಮು, ಪೆಟ್ಟಿಗೆಗಳ ಕೆಳಗಿನ ಗೆರೆಗಳನ್ನು ನಡೆದೇ ಎಣಿಸಿದರೆ ಮೂವತ್ತಾರು ಸಿಗುತ್ತದೆ, ಉಳಿದೆರಡು ಆ ನಾಲ್ಕೈದರ ವ್ಯತ್ಯಾಸದ ಒಳಗಿನದೇ. ಮಾಲ್ ತಾನು ನುಂಗಿದ ಜಾಗದ ಲೆಕ್ಕವನ್ನು ತಾನೇ ಬಾಗಿಲಲ್ಲಿ ಹಸಿರು ದೀಪದಲ್ಲಿ ಬರೆದು ತೂಗುಹಾಕಿದೆ.

ಕೆಳಗಿನ ಮಹಡಿಯಲ್ಲಿ ಪ್ರತಿ ಸ್ಲಾಟಿನ ಮೇಲೂ ಕೆಂಪು, ಹಸಿರು ದೀಪ ಇದೆ. ಅದು ಶಬ್ದತರಂಗ ಬಿಟ್ಟು ಮರುದನಿ ಬರುವ ಹೊತ್ತಿನಿಂದ ದೂರ ಅಳೆಯುವ ಸೆನ್ಸರ್. ದೂರ ನೆಲದಷ್ಟಿದ್ದರೆ ಹಸಿರು, ಕಡಿಮೆಯಾದರೆ ಕೆಂಪು. ಕೋನ್ ಸಣ್ಣದು, ಗೆರೆಯ ಅಂಚಿನಲ್ಲಿಟ್ಟಿರುತ್ತಾರೆ, ಸೆನ್ಸರಿಗೆ ಅದು ಕಾಣಿಸುವುದೇ ಇಲ್ಲ. ಹೀಗಾಗಿ ದೂರದಿಂದ ಹಸಿರು ನೋಡಿ ಓಡಿಸಿಕೊಂಡು ಹೋದವರು ಕೋನಿನ ಮುಂದೆ ನಿಲ್ಲುತ್ತಾರೆ. ಎರಡು ಹಸಿರು ಅಕ್ಕಪಕ್ಕ ಕಂಡರೆ ಅದು ಅದೃಷ್ಟವಲ್ಲ, ಕೋನ್ ಎಂದೇ ತಿಳಿಯಿರಿ.

ಪಾಸಿನ ಹಿಂಬದಿಯ ಸಣ್ಣಕ್ಷರದಲ್ಲಿ ‘ಲಭ್ಯತೆಗೆ ಒಳಪಟ್ಟು’ ಎಂದಿದೆ. ಪಾಸ್ ಎಂದರೆ ಕಾದಿರಿಸಿದ ಜಾಗವಲ್ಲ, ಒಳಗೆ ಬರಲು ಒಪ್ಪಿಗೆ ಮಾತ್ರ. ಎಲ್ಲರೂ ಎಲ್ಲ ದಿನವೂ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಇರುವುದಕ್ಕಿಂತ ಹೆಚ್ಚು ಪಾಸ್ ಮಾರುತ್ತಾರೆ. 100 ಸ್ಲಾಟಿಗೆ 125 ಪಾಸ್ ಎಂದಿಟ್ಟುಕೊಳ್ಳಿ, ಹತ್ತರಲ್ಲಿ ಎಂಟು ಜನ ಬಂದರೆ ಸರಿಯಾಗಿ ತುಂಬುತ್ತದೆ, ಯಾರಿಗೂ ತೊಂದರೆಯಿಲ್ಲ. ಅದೇ 100ರಲ್ಲಿ ಹತ್ತು ಸ್ಲಾಟ್ ಹೋದವೆನ್ನಿ. ಪಾಸುಗಳು ಕಡಿಮೆಯಾಗುವುದಿಲ್ಲ, ಕೊನೆಗೆ ಬಂದ ಹತ್ತು ಜನ ರ‍್ಯಾಂಪಿನ ಮೇಲೆ ಉಳಿಯುತ್ತಾರೆ. ಇಳಿಜಾರಿನಲ್ಲಿ ಸಾಲು ನಿಂತಾಗ ಹ್ಯಾಂಡ್‌ಬ್ರೇಕ್ ಹಾಕಿಯೇ ನಿಲ್ಲಿ, ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸ ಕ್ಲಚ್ ಪ್ಲೇಟಿಗೆ ದುಬಾರಿ.

ಇಷ್ಟೆಲ್ಲ ಬೈದ ಮೇಲೂ ಪಾಸ್ ಬಿಟ್ಟಿಲ್ಲ. ಯಾಕೆಂದರೆ ಜಾಗ ಸಿಕ್ಕ ದಿನ ಇದರಷ್ಟು ಸುಖ ಬೇರೆಡೆ ಇಲ್ಲ. ತಿರುವಿನಲ್ಲಿ ನುಣುಪು ನೆಲಕ್ಕೆ ಟೈರು ತಿಕ್ಕಿ ಕೀಚ್ ಎನ್ನುತ್ತದೆ. ಮೂಲೆಯ ಉಬ್ಬುಕನ್ನಡಿಯಲ್ಲಿ ಎದುರಿಗೆ ಯಾರೂ ಇಲ್ಲ ಎಂದು ಖಾತ್ರಿಯಾಗುತ್ತದೆ. ಹಿಮ್ಮುಖವಾಗಿ ನಿಧಾನಕ್ಕೆ ಬಿಟ್ಟಾಗ ಹಿಂದಿನ ಚಕ್ರ ರಬ್ಬರ್ ತಡೆಗೆ ಮೆತ್ತಗೆ ತಾಗುತ್ತದೆ. ಅಷ್ಟೇ, ಇಂಜಿನ್ ಆರಿಸಬಹುದು. ತಲೆಯ ಮೇಲಿನ ದೀಪ ಒಂದು ಕ್ಷಣ ಯೋಚಿಸಿ ಹಸಿರಿನಿಂದ ಕೆಂಪಾಗುತ್ತದೆ. ಕನ್ನಡಿ ಮಡಚಿ, ಪಿಲ್ಲರಿನ ಅಕ್ಷರದ ಫೋಟೊ ತೆಗೆದು ಲಿಫ್ಟಿನತ್ತ ನಡೆದರೆ, ಸಂಜೆ ಮರಳಿ ಬಂದಾಗ ಸ್ಟೇರಿಂಗ್ ತಣ್ಣಗೇ ಇರುತ್ತದೆ. ಬಿಸಿಲಿನಲ್ಲಿ ದಿನವಿಡೀ ಬೆಂದ ಸೀಟಿನ ಮೇಲೆ ಕೂತವರಿಗೆ ಇದರ ಬೆಲೆ ಗೊತ್ತು.

ಮಾಲಿನವರ ಮಾತೂ ಪೂರ್ತಿ ತಪ್ಪಲ್ಲ. ಅಂಗಡಿಗೆ ಬಂದವರು ಎರಡು ಗಂಟೆಯಲ್ಲಿ ಹೊರಡುತ್ತಾರೆ, ಅದೇ ಸ್ಲಾಟ್ ದಿನಕ್ಕೆ ನಾಲ್ಕೈದು ಗಿರಾಕಿಗಳಿಗೆ ಒದಗುತ್ತದೆ. ಪಾಸಿನ ಕಾರು ಒಂಬತ್ತು ಹತ್ತು ಗಂಟೆ ಅಲ್ಲಾಡುವುದಿಲ್ಲ, ಮೇಲೆ ಹೋಗಿ ಏನನ್ನೂ ಕೊಳ್ಳುವುದೂ ಇಲ್ಲ. ರಸ್ತೆಬದಿ ಪಾರ್ಕಿಂಗಿನ ಬಗ್ಗೆ ಜೀವನವಿಡೀ ಲೆಕ್ಕ ಹಾಕಿದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೇಳುತ್ತಿದ್ದದ್ದು, ನೂರಕ್ಕೆ 85ರಷ್ಟು ತುಂಬಿ, ಒಂದೆರಡು ಜಾಗ ಸದಾ ಖಾಲಿ ಇರುವ ಹಾಗೆ ದರ ಇಡಬೇಕು ಎಂದು. ಅದಕ್ಕಿಂತ ತುಂಬಿದರೆ ಜನ ಜಾಗ ಹುಡುಕುತ್ತ ಸುತ್ತತೊಡಗುತ್ತಾರೆ. ಬೇಸ್‌ಮೆಂಟಿಗೂ ಇದು ಒಪ್ಪುತ್ತದೆ. ಆದರೆ ಗಡಿಯಾರ ನೋಡಿ. ಪಾಸಿನವರು ಎಂಟಕ್ಕೆ ಬರುತ್ತಾರೆ, ಅಂಗಡಿ ತೆರೆಯುವುದು ಆಮೇಲೆ. ಗಿರಾಕಿಗಳು ಹೆಚ್ಚುವುದು ಸಂಜೆ ಆರಕ್ಕೆ, ಪಾಸಿನವರು ಹೊರಡುವುದು ಏಳರೊಳಗೆ. ನಿಜವಾದ ತಿಕ್ಕಾಟ ಇರುವುದು ಆ ಒಂದು ಗಂಟೆಯದ್ದು. ಅದಕ್ಕಾಗಿ ದಿನವಿಡೀ ಕೋನ್ ಇಡುವುದು ಸೋಮಾರಿತನ.

ವಿದ್ಯುತ್ ಕಾರುಗಳ ಚಾರ್ಜರ್ ಇಟ್ಟಿರುವ ಕಡೆಯೂ ಇದೇ ತಲೆಕೆಳಗು. ಲಿಫ್ಟಿನ ಪಕ್ಕ, ಗಿರಾಕಿಗಳ ಜಾಗದಲ್ಲಿ 7 ಕಿಲೋವ್ಯಾಟಿನ ನಿಧಾನದ ಚಾರ್ಜರ್ ಹಾಕಿದ್ದಾರೆ. 40 ಯೂನಿಟ್ಟಿನ ಬ್ಯಾಟರಿ ಅದರಲ್ಲಿ ತುಂಬಲು ಆರು ಗಂಟೆ ಬೇಕು, ಎರಡು ಗಂಟೆ ಸಿನಿಮಾ ನೋಡಿ ಹೋಗುವವರಿಗೆ ಅರ್ಧಂಬರ್ಧ. ಒಂಬತ್ತು ಗಂಟೆ ಸುಮ್ಮನೆ ನಿಲ್ಲುವ ಪಾಸಿನ ಕಾರಿಗೆ ಹೇಳಿ ಮಾಡಿಸಿದ್ದು ಅದು. ನಿಧಾನದ್ದನ್ನು ಪಾಸಿನ ಸಾಲಿನ ಗೋಡೆಗೆ ಹಾಕಿದರೆ ಒಂದು ಸ್ಲಾಟೂ ಕಳೆಯುವುದಿಲ್ಲ.

ಪಾಸ್ ಕೊಳ್ಳುವವರಿಗೆ ಕೆಲವು ಮಾತು. ಗಾಜಿಗೆ ಅಂಟಿಸುವ, ಬಾಗಿಲಿನ ರೀಡರ್ ದೂರದಿಂದಲೇ ಓದುವ ಆರ್‌ಎಫ್‌ಐಡಿ ಸ್ಟಿಕ್ಕರನ್ನು ಒಳಗನ್ನಡಿಯ ಹಿಂದೆ, ಒರೆಸಿ ಒಣಗಿಸಿದ ಗಾಜಿಗೆ ಅಂಟಿಸಿ. ಲೋಹದ ಪದರವಿರುವ ಫಿಲ್ಮ್ ಅಥವಾ ಗಾಜಿದ್ದರೆ ರೀಡರಿಗೆ ಸಿಗ್ನಲ್ ತಲುಪುವುದಿಲ್ಲ, ಬೂಮ್ ಏಳುವುದಿಲ್ಲ, ಹಿಂದಿನವರು ಹಾರ್ನ್ ಬಾರಿಸುತ್ತಾರೆ. ಒಮ್ಮೆ ಅಂಟಿಸಿದ್ದನ್ನು ಕಿತ್ತರೆ ಒಳಗಿನ ಆಂಟೆನಾ ಹರಿದು ಸ್ಟಿಕ್ಕರ್ ಸತ್ತಂತೆಯೇ. ಆ್ಯಪಿನ ಕ್ಯೂಆರ್ ಬಳಸುವವರು ರ‍್ಯಾಂಪ್ ಇಳಿಯುವ ಮೊದಲೇ ತೆರೆದಿಟ್ಟುಕೊಳ್ಳಿ, ಕೆಳಗೆ ಸಿಗ್ನಲ್ ಇಲ್ಲ. ಸ್ಕ್ರೀನ್‌ಶಾಟ್ ನಂಬಬೇಡಿ, ಕೋಡ್ ಆಗಾಗ ಬದಲಾಗುವುದರಿಂದ ಹಳೆಯ ಚಿತ್ರ ನಡೆಯುವುದಿಲ್ಲ. ಎಂಟೂಕಾಲಿನ ಒಳಗೆ ಬರುವುದಾದರೆ ಮೇಲಿನ ಬೇಸ್‌ಮೆಂಟ್ ನೋಡಿ, ಆಮೇಲಾದರೆ ಹುಡುಕದೆ ನೇರ ತಳಕ್ಕೇ ಇಳಿಯಿರಿ. ಹಿಮ್ಮುಖವಾಗಿಯೇ ನಿಲ್ಲಿಸಿ, ಸಂಜೆ ತುಂಬಿದ ಓಣಿಗೆ ಹಿಂದೆ ಹಿಂದೆ ಬರುವ ಫಜೀತಿ ತಪ್ಪುತ್ತದೆ. ಪಿಲ್ಲರ್ ಪಕ್ಕದ ಸ್ಲಾಟ್ ಬಿಡಬೇಡಿ, ಆ ಕಡೆಯಿಂದ ಯಾರ ಬಾಗಿಲೂ ಬಡಿಯುವುದಿಲ್ಲ. ಪಿಲ್ಲರ್ ನಿಮ್ಮ ಬಾಗಿಲಿನ ಕಡೆಗೆ ಬಾರದಂತೆ ನೋಡಿಕೊಂಡರೆ ಆಯಿತು.

ಅಂಕ ಕೊಡುವುದಾದರೆ ಐದಕ್ಕೆ ಮೂರು. ವರ್ಷದ ಪಾಸ್ ಬೇಡ, ರಿಯಾಯಿತಿ ಎಷ್ಟೇ ಆಸೆ ತೋರಿಸಿದರೂ ಮೂರು ತಿಂಗಳಿಗಷ್ಟೇ ಮಾಡಿಸಿ. ನವೀಕರಿಸುವ ಮುನ್ನ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಪಾಸಿನವರಿಗೆಂದು ಗುರುತು ಹಾಕಿದ ಸ್ಲಾಟ್ ಈಗ ಎಷ್ಟು, ಮಾರಿದ ಪಾಸ್ ಎಷ್ಟು. ಬಾಯಿಮಾತು ಸಾಲದು, ರಸೀದಿಯ ಹಿಂದೆ ಬರೆಸಿಕೊಳ್ಳಿ.

ಕೊನೆಗೊಂದು ವಿಷಯ. ಬೋರ್ಡಿನ ಬಗ್ಗೆ ಕೊಟ್ಟ ದೂರಿಗೆ ಕಳೆದ ತಿಂಗಳು ಕ್ರಮವಾಯಿತು. ಸ್ಲಾಟುಗಳು ವಾಪಸ್ಸು ಬಂದಿಲ್ಲ, ಸಾಫ್ಟ್‌ವೇರಿನ ಅಂಕಿ ತಿದ್ದಿದ್ದಾರೆ. ಭರ್ತಿಯಾದಾಗ ಈಗ 38ರ ಬದಲು 0 ಎಂದೇ ತೋರುತ್ತದೆ, ಅದನ್ನು ಓದಿ ಗಾರ್ಡ್ ಕೂಡ ‘ಇಲ್ಲ ಸಾರ್’ ಎಂದೇ ಹೇಳುತ್ತಾರೆ. ಕೆಳಗಿಳಿದು ಸುತ್ತುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಭರ್ತಿಯಾದ ಮೇಲೂ ದಿನವೂ 2 ಅಥವಾ 3 ಕಾಣಿಸತೊಡಗಿದರೆ ಮಾತ್ರ ಒಮ್ಮೆ ಕೆಳಗೆ ನಡೆದು ನೋಡಿ, ಹೊಸ ಕೋನ್ ಬಂದಿರುತ್ತದೆ.