ಕಣ್ಣು ಬೆಳ್ಳಗಾಗಿಸುವ ಶಸ್ತ್ರಚಿಕಿತ್ಸೆಗೆ ಮುಂಗಡ ಕೊಡುವ ಮುನ್ನ

ತಂಗಿಯ ಮದುವೆಯ ಫೋಟೋಗಳಲ್ಲಿ ನನ್ನ ಕಣ್ಣಿನ ಬಿಳಿಭಾಗದ ಮೇಲೆ ಕೆಂಪು ರಕ್ತನಾಳಗಳು ಎದ್ದು ಕಂಡದ್ದರಿಂದ ಇದೆಲ್ಲ ಶುರುವಾಯಿತು. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಟ್ಟ, ನ್ಯಾಫಜೋಲಿನ್ ಇರುವ ಡ್ರಾಪ್ಸ್ ಹಾಕಿಕೊಂಡರೆ ಐದು ನಿಮಿಷದಲ್ಲಿ ಕಣ್ಣು ತಿಳಿಯಾಗುತ್ತಿತ್ತು. ಆ ಔಷಧ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆಯೇ ಹೊರತು ಕೆಂಪಿನ ಮೂಲವನ್ನು ಮುಟ್ಟುವುದಿಲ್ಲ, ದಿನವೂ ಬಳಸಿದರೆ ಅದರ ಪ್ರಭಾವ ಇಳಿದಾಗ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗಬಹುದು ಎಂಬುದು ನನಗೆ ತಿಳಿದಿರಲಿಲ್ಲ. ಎಂಟು ತಿಂಗಳಲ್ಲಿ ದಿನಕ್ಕೆ ಒಂದಿದ್ದದ್ದು ಆರು ಸಲಕ್ಕೆ ಏರಿತು.

ಆಗ ಬೆಂಗಳೂರಿನ ಒಂದು ಸೌಂದರ್ಯ ಚಿಕಿತ್ಸಾಲಯಕ್ಕೆ ಹೋದೆ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ರಕ್ತನಾಳಗಳ ಸಮೇತ ಕತ್ತರಿಸಿ ತೆಗೆದರೆ ಹೊಸ ಪೊರೆ ಬೆಳ್ಳಗೆ ಬೆಳೆಯುತ್ತದೆ, ಅರ್ಧ ಗಂಟೆಯ ಕೆಲಸ ಎಂದರು. ಕೆಂಪಾಗುವುದೇಕೆ ಎಂದು ಒಬ್ಬರೂ ಪರೀಕ್ಷಿಸಲಿಲ್ಲ. ಮುಂಗಡ ಕಟ್ಟಿಸಿಕೊಂಡ ಮೇಲೆ ಕೈಗಿತ್ತ ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿ ಮೈಟೊಮೈಸಿನ್ ಎಂಬ ಹೆಸರಿತ್ತು. ಕೇಳಿದಾಗ, "ನಾಳಗಳು ಮತ್ತೆ ಬೆಳೆಯದಿರಲಿ ಅಂತ ಹಚ್ಚುತ್ತೇವೆ ಮೇಡಂ, ಅಷ್ಟೆ" ಎಂಬ ಉತ್ತರ ಬಂತು.

ಆ ಪತ್ರವನ್ನು ನಮ್ಮ ಅಮ್ಮನ ಕಣ್ಣು ನೋಡುವ ಹಿರಿಯ ವೈದ್ಯರಿಗೆ ತೋರಿಸಿದೆ. ಮೈಟೊಮೈಸಿನ್ ಜೀವಕೋಶಗಳ ವಿಭಜನೆಯನ್ನೇ ತಡೆಯುವ, ಕ್ಯಾನ್ಸರಿಗೂ ಬಳಸುವ ಔಷಧ. ಕಣ್ಣಿನ ದುರ್ಮಾಂಸ ತೆಗೆದಾಗ ಅದು ಮರುಕಳಿಸದಂತೆ ವೈದ್ಯರು ಅಳತೆಯಿಂದ ಹಚ್ಚುವುದುಂಟು. ಆದರೆ ಕೇವಲ ಅಂದಕ್ಕಾಗಿ ವಿಶಾಲವಾಗಿ ಪೊರೆ ತೆಗೆದು ಇದನ್ನು ಹಚ್ಚಿದಾಗ, ಕೆಳಗಿನ ಗಟ್ಟಿ ಬಿಳಿಗೋಡೆಗೆ ರಕ್ತಪೂರೈಕೆ ಕಡಿಮೆಯಾಗಿ, ತಿಂಗಳುಗಳು ಅಥವಾ ವರ್ಷಗಳ ನಂತರ ಆ ಗೋಡೆ ತೆಳುವಾಗುವುದು, ಅಲ್ಲಿ ಸುಣ್ಣದಂತೆ ಕ್ಯಾಲ್ಸಿಯಂ ಕಟ್ಟಿಕೊಳ್ಳುವುದು, ಗಾಯದ ಕಲೆ ಎಳೆದು ಒಂದು ವಸ್ತು ಎರಡಾಗಿ ಕಾಣುವುದು ವರದಿಯಾಗಿದೆ. ಈ ಶಸ್ತ್ರಚಿಕಿತ್ಸೆ ಹೆಚ್ಚು ನಡೆದ ದಕ್ಷಿಣ ಕೊರಿಯಾದಲ್ಲಿಯೇ ಇಂಥ ತೊಡಕುಗಳು ಕಂಡುಬಂದ ಮೇಲೆ ಆರೋಗ್ಯ ಸಚಿವಾಲಯ 2011ರಲ್ಲಿ ಅದನ್ನು ನಿಲ್ಲಿಸಿತು. "ಕತ್ತರಿಸಿದ್ದನ್ನು ನಾನು ವಾಪಸ್ ಅಂಟಿಸೋಕಾಗಲ್ಲ ಕಣಮ್ಮ" ಎಂದು ಅವರು ಹೇಳಿದಾಗ ನನ್ನ ಕೈ ತಣ್ಣಗಾಯಿತು.

ಅವರು ನನ್ನ ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರಿನಿಂದ ಪಟ್ಟಿ 6 ಮಿಲಿಮೀಟರ್ ಮಾತ್ರ ನೆನೆದಿತ್ತು. ಸಾಮಾನ್ಯವಾಗಿ 10ಕ್ಕಿಂತ ಹೆಚ್ಚಿರಬೇಕಂತೆ. ರೆಪ್ಪೆಯ ಅಂಚನ್ನು ಒತ್ತಿದರೆ, ಕಣ್ಣೀರು ಬೇಗ ಆರದಂತೆ ಕಾಯುವ ತಿಳಿ ಎಣ್ಣೆಯ ಬದಲು ಬೆಣ್ಣೆಯಂಥ ಗಟ್ಟಿ ಜಿಡ್ಡು ಬಂತು. ಮೂಲ ಕಾರಣ ಒಣಗಣ್ಣು, ಅದನ್ನು ಕೆರಳಿಸಿದ್ದು ನಾನೇ ಹಾಕಿಕೊಂಡ ಡ್ರಾಪ್ಸ್. (ಕೆಂಪಿಗೆಂದು ಸ್ಟಿರಾಯ್ಡ್ ಡ್ರಾಪ್ಸನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಹಾಕುವುದು ಇನ್ನೂ ಅಪಾಯ, ಕಣ್ಣಿನ ಒತ್ತಡ ಏರಿ, ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ಬರಬಹುದು.)

ಡ್ರಾಪ್ಸ್ ನಿಲ್ಲಿಸಿದ ಮೊದಲ ಎರಡು ವಾರ ಕಣ್ಣು ಕೆಂಡದಂತಿತ್ತು, ನಿಜಕ್ಕೂ ಕಷ್ಟವಾಯಿತು. ಬಿಸಿ ಬಟ್ಟೆಯ ಶಾಖ ಮತ್ತು ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನಿಂದ ಈಗ ಬಹಳಷ್ಟು ಇಳಿದಿದೆ. ಮೂಗಿನ ಬದಿಯ ಎರಡು ನಾಳಗಳು ಹಾಗೆಯೇ ಕಾಣುತ್ತವೆ, ಇರಲಿ. ನೀವು ಇಂಥ ಚಿಕಿತ್ಸೆಯ ಯೋಚನೆಯಲ್ಲಿದ್ದರೆ, ಹಣ ಕಟ್ಟುವ ಮೊದಲೇ ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳಿ ಪಡೆದು, ಆ ಚಿಕಿತ್ಸಾಲಯಕ್ಕೆ ಸಂಬಂಧವಿಲ್ಲದ ನೇತ್ರವೈದ್ಯರಿಗೆ ದಯವಿಟ್ಟು ತೋರಿಸಿ. ನನ್ನ ಮುಂಗಡವನ್ನು ಬೆಂಗಳೂರಿನ ಆ ಚಿಕಿತ್ಸಾಲಯದವರು ಇಂದಿಗೂ ಹಿಂದಿರುಗಿಸಿಲ್ಲ.